ತ್ರಿಶೂಲದ ತುದಿಗೆ ಒಂದೇ ಓಟ

ಆಕಾಶ ತಿಳಿಯಾಗಿದ್ದರೆ ಉತ್ತರಾಖಂಡದ ಕೌಸಾನಿಯಿಂದಲೇ ತ್ರಿಶೂಲ ಪರ್ವತದ ಮೂರು ಮೊನೆಗಳು ಕಾಣುತ್ತವೆ. ದೊಡ್ಡ ಮೊನೆಯ ಎತ್ತರ 7,120 ಮೀಟರ್. ನೋಡಲು ಸಲೀಸು, ಆದರೆ ಹತ್ತಲು ಒಗ್ಗುವ ಇಳಿಜಾರು ಇರುವುದು ಆಚೆ ಮಗ್ಗುಲಲ್ಲಿ, ಋಷಿಗಂಗೆಯ ದುರ್ಗಮ ಕಣಿವೆಯ ಕಡೆ.

1907ರಲ್ಲಿ ಅಲ್ಲಿಗೆ ಹೋದ ಬ್ರಿಟಿಷ್ ತಂಡಕ್ಕೆ ನಿಜಕ್ಕೂ ಬೇಕಿದ್ದದ್ದು ಎವರೆಸ್ಟ್. ಸರ್ಕಾರ ಅನುಮತಿ ಕೊಡಲಿಲ್ಲ, ಗಢವಾಲಕ್ಕೆ ಬಂದರು. ತಂಡದಲ್ಲಿದ್ದ ಟಾಮ್ ಲಾಂಗ್‌ಸ್ಟಾಫ್ ವೈದ್ಯಕೀಯ ಓದಿದವರು. ಮೊದಲ ಯತ್ನದಲ್ಲಿ ಸುಮಾರು 6,100 ಮೀಟರ್ ಎತ್ತರದಲ್ಲಿ ಡೇರೆ ಹೂಡಿದರು. ಬಿರುಗಾಳಿ ಎರಡು ರಾತ್ರಿ ಅಲ್ಲಾಡಲು ಬಿಡಲಿಲ್ಲ, ಸುಸ್ತಾಗಿ ಕೆಳಗಿಳಿದರು. ಇನ್ನೊಬ್ಬರಾಗಿದ್ದರೆ ಮುಂದಿನ ಸಲ ಡೇರೆಯನ್ನು ಇನ್ನೂ ಮೇಲಕ್ಕೆ ಒಯ್ಯುತ್ತಿದ್ದರೇನೋ. ಲಾಂಗ್‌ಸ್ಟಾಫ್ ತದ್ವಿರುದ್ಧ ಮಾಡಿದರು. ಜೂನ್ 12ರಂದು ಸುಮಾರು 5,300 ಮೀಟರ್‌ನಿಂದ ಹೊರಟು, ಇಟಲಿಯ ಆಲ್ಪ್ಸ್‌ನ ಬ್ರೋಷೆರೆಲ್ ಸಹೋದರರು ಮತ್ತು ಗೂರ್ಖಾ ಸೈನಿಕ ಕರ್ಬೀರ್ ಬುರಾಥೋಕಿಯೊಂದಿಗೆ, 1,800 ಮೀಟರನ್ನು ಒಂದೇ ಹಗಲಲ್ಲಿ ಏರಿ ತುದಿ ಮುಟ್ಟಿದರು. ಏಳು ಸಾವಿರ ಮೀಟರ್ ಮೀರಿದ ಶಿಖರವನ್ನು ಮನುಷ್ಯ ಹತ್ತಿದ್ದಕ್ಕೆ ಖಚಿತ ದಾಖಲೆ ಸಿಗುವುದು ಅಂದಿನಿಂದ.

ಈ ಆತುರದಲ್ಲಿ ಶರೀರಶಾಸ್ತ್ರವಿತ್ತು. ಅಷ್ಟು ಮೇಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21ರಷ್ಟೇ, ಕುಸಿಯುವುದು ಒತ್ತಡ. ತ್ರಿಶೂಲದ ತುದಿಯಲ್ಲಿ ಅದು ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ಎರಡು ಪಾಲು. ದೇಹ ಮೊದಲು ಉಸಿರಾಟ ಹೆಚ್ಚಿಸುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಅದೇ ಉಸಿರಿಗೆ ತಡೆಯೊಡ್ಡುತ್ತದೆ. ಮೂತ್ರಪಿಂಡಗಳು ಹೆಚ್ಚುವರಿ ಬೈಕಾರ್ಬನೇಟನ್ನು ಹೊರಹಾಕಿ ತಡೆ ಸಡಿಲಿಸಲು ಕೆಲವು ದಿನ ಬೇಕು. ಕೆಂಪು ರಕ್ತಕಣ ಹೆಚ್ಚಲು ವಾರಗಳೇ ಹಿಡಿಯುತ್ತವೆ.

ಹಾಗೆಂದು ಮೇಲೇ ಕೂತರೆ ಆಗದು. ಸುಮಾರು 5,500 ಮೀಟರ್ ದಾಟಿದ ಮೇಲೆ ಒಗ್ಗಿಕೊಳ್ಳುವುದಕ್ಕಿಂತ ಸವೆಯುವುದೇ ಹೆಚ್ಚು: ನಿದ್ದೆ ಬಾರದು, ಊಟ ಸೇರದು, ಸ್ನಾಯು ಕರಗುತ್ತದೆ. ಆ ಎತ್ತರಕ್ಕಿಂತ ಮೇಲೆ ಎಲ್ಲೂ ಕಾಯಂ ಊರಿಲ್ಲ. ಕೆಳಗಿನ ಕಣಿವೆಗಳಲ್ಲಿ ವಾರಗಟ್ಟಲೆ ಅಲೆದು ಒಗ್ಗಿದ್ದ ನಾಲ್ವರಿಗೆ ಮೇಲೆ ಬೇಕಿದ್ದದ್ದು ಬೇಗ ಹೋಗಿ ಬೇಗ ಇಳಿಯುವುದು ಮಾತ್ರ.

ಆ ಮೊದಲರ್ಧವನ್ನು ಬಿಟ್ಟು ಓಟವನ್ನಷ್ಟೇ ಅನುಕರಿಸಿದರೆ ಜೀವಕ್ಕೇ ಕುತ್ತು. ಬೆಂಗಳೂರಿನಿಂದ ವಿಮಾನದಲ್ಲಿ 3,500 ಮೀಟರ್‌ನ ಲೇಹ್‌ಗೆ ಇಳಿದು ಮರುದಿನವೇ 5,300 ಮೀಟರ್ ದಾಟುವ ಖರ್ದುಂಗ್ ಲಾಗೆ ಹೊರಡುವವರಿದ್ದಾರೆ. ಅವಸರದ ಏರಿಕೆಯಲ್ಲಿ ಕೆಲವರ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಕೂತಲ್ಲೇ ಏದುಸಿರು, ನೊರೆಕಫ ಕಂಡರೆ ಆಮ್ಲಜನಕ ಕೊಟ್ಟು, ಬೆಳಗಾಗಲೆಂದು ಕಾಯದೆ ಕೆಳಗಿಳಿಸಬೇಕು.