ಚಿಕ್ಕಪ್ಪ ಸೊಂಟ ಎಂದಿದ್ದು ಯಾವುದಕ್ಕೆ?

ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪನದು ಟೈಲರ್ ಅಂಗಡಿ. ಮದುವೆ ಕಾಲ ಬಂತೆಂದರೆ ದಿನಕ್ಕೆ ಹತ್ತು ಗಂಟೆ ಮರದ ಸ್ಟೂಲಿನ ಮೇಲೆ ಕೂತು ಮಷಿನ್ ತುಳಿಯುತ್ತಾರೆ. ಎರಡು ವರ್ಷದ ಹಿಂದೆ ಅವರಿಗೆ ‘ಸೊಂಟ ನೋವು’ ಶುರುವಾಯಿತು. ಮನೆಯಲ್ಲಿ ಸೊಂಟ ಎಂದರು, ಅಂಗಡಿಯಲ್ಲಿ ಸೊಂಟ ಎಂದರು, ಡಾಕ್ಟರು ಕೇಳಿದಾಗಲೂ ಸೊಂಟ ಎಂದೇ ಹೇಳಿದರು. ಸೊಂಟ ಎಂದ ಮೇಲೆ ಸೊಂಟದ ಎಕ್ಸ್‌ರೇ, ಆಮೇಲೆ ಎಂಆರ್‌ಐ. ಬೆನ್ನುಮೂಳೆಯ ಎಲ್4 ಮತ್ತು ಎಲ್5 ಮಣಿಗಳ ನಡುವೆ ಡಿಸ್ಕ್ ಉಬ್ಬಿದೆ ಎಂದು ವರದಿ ಬಂತು. ಬೆಲ್ಟ್ ಕಟ್ಟಿದ್ದಾಯಿತು, ಮಾತ್ರೆ ನುಂಗಿದ್ದಾಯಿತು, ಹಲಗೆಯ ಮೇಲೆ ಮಲಗಿದ್ದಾಯಿತು. ನಾಲ್ಕು ತಿಂಗಳಾದರೂ ಸ್ಟೂಲಿನ ಮೇಲೆ ಇಪ್ಪತ್ತು ನಿಮಿಷ ಕೂರಲಾಗುತ್ತಿರಲಿಲ್ಲ.

ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ ಕೇಳಿದಳು: “ಅಂಕಲ್, ಬಾಯಲ್ಲಿ ಹೇಳಬೇಡಿ. ಎಲ್ಲಿ ನೋವು ಅಂತ ಒಂದೇ ಬೆರಳಲ್ಲಿ ತೋರಿಸಿ.” ಚಿಕ್ಕಪ್ಪ ಒಮ್ಮೆ ಬಾಗಿಲ ಕಡೆ ನೋಡಿ, ಬಲಗೈ ಹಿಂದಕ್ಕೆ ಒಯ್ದು, ಬಲ ಪಿರ್ರೆಯ ನಟ್ಟನಡುವೆ ಬೆರಳಿಟ್ಟರು. ಅಲ್ಲಿಂದ ಸೊಂಟಕ್ಕೆ ಒಂದು ಗೇಣು ದೂರ.

ತಪ್ಪು ಅವರೊಬ್ಬರದೇ ಅಲ್ಲ. ಕುಂಡಿ, ತಿಕ, ಅಂಡು ಇವೆಲ್ಲ ನಮ್ಮಲ್ಲಿ ಬೈಗುಳಕ್ಕೆ ಇಲ್ಲವೇ ಮಕ್ಕಳನ್ನು ತೊಳೆಸುವಾಗ ಬಳಸುವ ಮಾತುಗಳು. ನಿತಂಬ ಕವಿಗಳ ಸೊತ್ತು, ಪೃಷ್ಠ ಪಠ್ಯಪುಸ್ತಕದ್ದು. ಡಾಕ್ಟರ ಎದುರು ನಾಚದೆ ಆಡಬಹುದಾದ ಒಂದು ಪದ ಉಳಿದೇ ಇಲ್ಲ. ಹಾಗಾಗಿ ಬೆನ್ನಿನ ಕೆಳಗಿನಿಂದ ತೊಡೆಯ ಮೇಲಿನವರೆಗೆ ಇರುವುದೆಲ್ಲ ಸೊಂಟವೇ ಆಗಿಬಿಟ್ಟಿದೆ. ಪಿರ್ರೆ ಎಂಬ ಪದಕ್ಕೂ ಅಂಥ ಮರ್ಯಾದೆಯೇನಿಲ್ಲ, ಆದರೂ ಈ ಲೇಖನಕ್ಕೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ಚಿಕ್ಕಪ್ಪ ಬೆರಳಿಟ್ಟ ಜಾಗದಲ್ಲಿ ಚರ್ಮ, ಕೊಬ್ಬು, ಅದರಡಿ ಪಿರ್ರೆಯ ದೊಡ್ಡ ಸ್ನಾಯು. ಅದನ್ನೂ ಸರಿಸಿ ನೋಡಿದರೆ ಅಡ್ಡಲಾಗಿ ಒಂದು ಸಣ್ಣ ಸ್ನಾಯು ಸಿಗುತ್ತದೆ. ಹೆಸರು ಪಿರಿಫಾರ್ಮಿಸ್. ಲ್ಯಾಟಿನ್‌ನಲ್ಲಿ ‘ಪಿರುಮ್’ ಎಂದರೆ ಮರಸೇಬು. ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು, ಅದಕ್ಕೇ ಆ ಹೆಸರು. ಅಗಲದ ತುದಿ ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯ ಒಳಮೈಗೆ ಅಂಟಿಕೊಂಡಿರುತ್ತದೆ. ಚೂಪು ತುದಿ ತೊಡೆಮೂಳೆಯ ನೆತ್ತಿಗೆ, ಪಕ್ಕಕ್ಕೆ ಮಲಗಿದಾಗ ಹಾಸಿಗೆಗೆ ಒತ್ತುವ ಆ ಉಬ್ಬಿಗೆ, ಹೋಗಿ ಸೇರುತ್ತದೆ. ನಿಂತಾಗ ಕಾಲನ್ನು ಹೊರಕ್ಕೆ ತಿರುಗಿಸುವುದು ಅದರ ಕೆಲಸ. ಕೂತು ತೊಡೆ ಮಡಚಿದಾಗ ಅದೇ ಸ್ನಾಯು ಕೆಲಸ ಬದಲಿಸಿ ತೊಡೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಆಟೋದಿಂದ ಇಳಿಯುವಾಗ ಒಂದು ಕಾಲನ್ನು ಮೊದಲು ಹೊರಗೆ ಹಾಕುತ್ತೀರಲ್ಲ, ಅಲ್ಲಿ ಇದರ ಕೈವಾಡವಿದೆ.

ಇಷ್ಟೇ ಆಗಿದ್ದರೆ ಈ ಸ್ನಾಯುವಿನ ಹೆಸರು ಯಾರಿಗೂ ಬೇಕಿರಲಿಲ್ಲ. ತೊಂದರೆ ಇರುವುದು ನೆರೆಹೊರೆಯಲ್ಲಿ. ಸೊಂಟದ ಎಲುಬಿನಲ್ಲಿ ಒಂದು ಕಿಂಡಿಯಿದೆ, ಪಿರಿಫಾರ್ಮಿಸ್ ಹೊರಬರುವುದು ಅದರ ಮೂಲಕ. ದೇಹದ ಅತಿ ದಪ್ಪ ನರವಾದ ಸಯಾಟಿಕ್ ನರವೂ ಕಾಲಿಗೆ ಇಳಿಯುವುದು ಅದೇ ಕಿಂಡಿಯಿಂದ, ಬಹುಪಾಲು ಜನರಲ್ಲಿ ಆ ಸ್ನಾಯುವಿನ ಅಡಿಯಿಂದ ನುಸುಳಿಕೊಂಡು. ನರ್ಸ್‌ಗಳು ಹಿಂಭಾಗಕ್ಕೆ ಇಂಜೆಕ್ಷನ್ ಕೊಡುವಾಗ ಮೇಲಿನ ಹೊರಮೂಲೆಯನ್ನೇ ಹುಡುಕುವುದು ಈ ನರದ ಭಯಕ್ಕೆ. ಪಿರಿಫಾರ್ಮಿಸ್ ಬಿಗಿದರೆ, ಊದಿದರೆ, ಬಿದ್ದ ಪೆಟ್ಟಿಗೆ ಗಡುಸಾದರೆ ಪಕ್ಕದ ನರ ಕೆರಳುತ್ತದೆ. ಪಿರ್ರೆಯ ಆಳದಲ್ಲಿ ನೋವು, ತೊಡೆಯ ಹಿಂದೆ ಜೋಮು, ಕೂತಷ್ಟೂ ಜಾಸ್ತಿ. ಇದು ಪಿರಿಫಾರ್ಮಿಸ್ ಸಿಂಡ್ರೋಮ್.

ಸಯಾಟಿಕ್ ನರದ ಹಾದಿಯಲ್ಲಿ ಹರಿಯುವ ನೋವಿಗೆ, ಅಂದರೆ ಸಯಾಟಿಕಾಗೆ, ಆಯುರ್ವೇದದಲ್ಲಿ ಗೃಧ್ರಸಿ ಎಂಬ ಹೆಸರಿದೆ. ಗೃಧ್ರ ಎಂದರೆ ಹದ್ದು. ರೋಗಿಯ ನಡಿಗೆ ಹದ್ದಿನ ನಡಿಗೆಯಂತಾಗುತ್ತದೆ ಎಂದು ಅದಕ್ಕೆ ವಿವರಣೆ ಕೊಡುವುದುಂಟು. ಚರಕಸಂಹಿತೆ ಈ ನೋವಿನ ದಾರಿಯನ್ನು ಹೇಳುವಾಗ ಮೊದಲು ಹೆಸರಿಸುವುದು ಸೊಂಟವನ್ನಲ್ಲ, ‘ಸ್ಫಿಕ್’ ಅನ್ನು, ಅಂದರೆ ಪಿರ್ರೆಯನ್ನು. ಕಟಿ, ತೊಡೆ, ಮಂಡಿ, ಪಾದ ಎಲ್ಲ ಆಮೇಲೆ. ಚರಕನಿಗೆ ನರದ ನಕಾಶೆ ಗೊತ್ತಿತ್ತು ಎಂದು ನಾನು ವಾದಿಸುತ್ತಿಲ್ಲ. ರೋಗಿ ಎಲ್ಲಿ ಕೈಯಿಡುತ್ತಾನೆ ಎಂದು ಯಾರೋ ಸರಿಯಾಗಿ ಗಮನಿಸಿದ್ದರು, ಅಷ್ಟು ಹೇಳಬಹುದು.

ಆಧುನಿಕ ವೈದ್ಯದಲ್ಲಿ ಈ ಸ್ನಾಯುವಿನ ಮೇಲೆ ಮೊದಲು ಬೊಟ್ಟು ಮಾಡಿದವರಲ್ಲಿ ಬ್ರಿಟನ್ನಿನ ಯೋಮನ್ ಒಬ್ಬರು, 1928ರಲ್ಲಿ. 1934ರಲ್ಲಿ ಅಮೆರಿಕದ ಫ್ರೈಬರ್ಗ್ ಮತ್ತು ವಿಂಕೆ ಅದೇ ಮಾತನ್ನು ಮುಂದುವರಿಸಿದರು. ಆದರೆ ಅವರ ಗ್ರಹಚಾರ, ಅದೇ ವರ್ಷ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಬೆನ್ನುಮೂಳೆಯ ಡಿಸ್ಕ್ ಒಡೆದು ನರವನ್ನು ಒತ್ತುತ್ತದೆ ಎಂದು ಶಸ್ತ್ರಚಿಕಿತ್ಸೆ ಮಾಡಿಯೇ ತೋರಿಸಿದರು. ಡಿಸ್ಕ್ ಕಣ್ಣಿಗೆ ಕಾಣುತ್ತಿತ್ತು, ತೆಗೆದು ತಟ್ಟೆಯಲ್ಲಿಡಬಹುದಿತ್ತು. ಬಿಗಿದ ಸ್ನಾಯುವನ್ನು ತೋರಿಸುವುದು ಹೇಗೆ? 1947ರಲ್ಲಿ ರಾಬಿನ್ಸನ್ ಅದಕ್ಕೆ ಪಿರಿಫಾರ್ಮಿಸ್ ಸಿಂಡ್ರೋಮ್ ಎಂದು ಹೆಸರಿಡುವ ಹೊತ್ತಿಗೆ ಡಿಸ್ಕ್ ಆಗಲೇ ಪಟ್ಟಕ್ಕೆ ಏರಿ ಕೂತಿತ್ತು. ಇವತ್ತಿಗೂ ಕಾಲಿನಲ್ಲಿ ಸೆಳೆತ ಎಂದರೆ ಮೊದಲ ಅನುಮಾನ ಡಿಸ್ಕಿನ ಮೇಲೇ, ಮತ್ತು ಬಹಳ ಸಲ ಅದು ಸರಿಯೇ. ಬೆನ್ನಿನ ನೋವು ಅಥವಾ ಸಯಾಟಿಕಾ ಎಂದು ಬರುವವರಲ್ಲಿ ಪಿರಿಫಾರ್ಮಿಸ್‌ನ ಪಾಲು ನೂರಕ್ಕೆ ಆರಕ್ಕಿಂತ ಹೆಚ್ಚಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದಕ್ಕೂ ಕಡಿಮೆ ಎನ್ನುವವರಿದ್ದಾರೆ.

ಹಾಗಾದರೆ ಚಿಕ್ಕಪ್ಪನ ಎಂಆರ್‌ಐಯಲ್ಲಿ ಕಂಡ ಉಬ್ಬು? 2015ರಲ್ಲಿ ಬ್ರಿಂಜಿಕ್ಜಿ ಮತ್ತು ಸಂಗಡಿಗರು ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಲೆಕ್ಕವನ್ನು ಒಟ್ಟುಹಾಕಿದರು. ಇಪ್ಪತ್ತರ ಹರೆಯದಲ್ಲೇ ನೂರಕ್ಕೆ 30 ಮಂದಿಯ ಡಿಸ್ಕ್ ಉಬ್ಬಿತ್ತು, ಎಂಬತ್ತರಲ್ಲಿ 84 ಮಂದಿಯದು. ಡಿಸ್ಕಿನ ಉಬ್ಬು ತಲೆಗೂದಲು ನರೆತ ಹಾಗೆ. ತಲೆನೋವು ಎಂದು ಬಂದವನ ತಲೆಯಲ್ಲಿ ಬಿಳಿಕೂದಲು ಕಂಡರೆ ಅದೇ ಕಾರಣ ಎನ್ನಲಾದೀತೆ? ಇಲ್ಲಿ ಇನ್ನೂ ಒಂದು ಎಡವಟ್ಟಿದೆ. ಸೊಂಟದ ಎಂಆರ್‌ಐ ಎಂದು ಬರೆದರೆ ಯಂತ್ರ ನೋಡುವುದು ಸೊಂಟವನ್ನೇ. ನೋವಿದ್ದ ಪಿರ್ರೆ ಆ ಚಿತ್ರದ ಚೌಕಟ್ಟಿನೊಳಗೆ ಪೂರ್ತಿ ಬರುವುದೇ ಇಲ್ಲ.

ಇದನ್ನು ಓದಿ ಡಿಸ್ಕ್ ಎಂಬುದೇ ಸುಳ್ಳು ಎಂದುಕೊಳ್ಳಬೇಡಿ. ಪಿರಿಫಾರ್ಮಿಸ್ ಭಕ್ತರೂ ಒಂದು ಕಾಲಕ್ಕೆ ಅತಿ ಮಾಡಿದ್ದಾರೆ. 1937ರಲ್ಲಿ ಬೀಟನ್ ಮತ್ತು ಆನ್ಸನ್ ಎಂಬ ಅಂಗರಚನಾ ತಜ್ಞರು ಕೆಲವರಲ್ಲಿ ನರ ಇಬ್ಭಾಗವಾಗಿ ಸ್ನಾಯುವನ್ನೇ ತೂರಿಕೊಂಡು ಹೋಗುವುದನ್ನು ವಿಂಗಡಿಸಿ ತೋರಿಸಿದ್ದರು. ಸಿಕ್ಕಿತು ಕಾರಣ ಎಂದು ದಶಕಗಳ ಕಾಲ ಪುಸ್ತಕಗಳು ಅದನ್ನೇ ಬರೆದವು. 2010ರಲ್ಲಿ ಸ್ಮಾಲ್ ಎಂಬವರು ಲೆಕ್ಕ ಹಾಕಿದರು: ಶವಗಳಲ್ಲಿ ಇಂಥ ವಿಚಿತ್ರ ಜೋಡಣೆ ನೂರಕ್ಕೆ 16.9, ಈ ನೋವಿಗೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ 16.2. ನೋವಿದ್ದವರಿಗೂ ಇಲ್ಲದವರಿಗೂ ವ್ಯತ್ಯಾಸವೇ ಇಲ್ಲ.

ಹೀಗಾಗಿ ಈ ರೋಗಕ್ಕೆ ರಕ್ತಪರೀಕ್ಷೆಯಿಲ್ಲ, ಇದೇ ಎಂದು ಮೊಹರು ಒತ್ತುವ ಸ್ಕ್ಯಾನ್ ಇಲ್ಲ. ಕೈ, ಕಣ್ಣು, ಕಿವಿಗಳ ಕೆಲಸ. 55 ಅಧ್ಯಯನಗಳನ್ನು ಸೋಸಿದ 2010ರ ಒಂದು ಪರಿಶೀಲನೆಯಲ್ಲಿ ನಾಲ್ಕು ಗುರುತುಗಳು ಮತ್ತೆ ಮತ್ತೆ ಸಿಕ್ಕವು: ಪಿರ್ರೆಯಲ್ಲಿ ನೋವು, ನರ ಹೊರಬರುವ ಕಿಂಡಿಯ ಹತ್ತಿರ ಒತ್ತಿದರೆ ನೋವು, ಕೂತರೆ ಹೆಚ್ಚು, ಸ್ನಾಯುವನ್ನು ಎಳೆಯುವ ಭಂಗಿಯಲ್ಲಿ ಇನ್ನೂ ಹೆಚ್ಚು.

ಆ ಹುಡುಗಿ ಮಾಡಿದ್ದೂ ಅದನ್ನೇ. ಮೊದಲು ಅಂಗಾತ ಮಲಗಿಸಿ, ಮಂಡಿ ಮಡಚದೆ ಕಾಲೆತ್ತಿದಳು. ಡಿಸ್ಕ್ ನರದ ಬೇರನ್ನು ಒತ್ತುತ್ತಿದ್ದರೆ ಕಾಲು ಅರ್ಧ ಏರುವುದರೊಳಗೆ ಮಂಡಿಯ ಕೆಳಗಿನವರೆಗೆ ಸೆಳೆತ ಹೊಡೆಯುತ್ತದೆ. ವೈದ್ಯಲೋಕದಲ್ಲಿ ಈ ಪರೀಕ್ಷೆಗೆ ಫ್ರಾನ್ಸಿನ ಲಾಸೆಗ್ ಅವರ ಹೆಸರಿದೆ. ಅವರ ಶಿಷ್ಯ ಇದನ್ನು ಬರೆದದ್ದು 1881ರಲ್ಲಿ. ಆದರೆ ಒಂದು ವರ್ಷ ಮೊದಲೇ, 1880ರಲ್ಲಿ, ಸೆರ್ಬಿಯಾದ ಲಾಜಾ ಲಾಜರೆವಿಚ್ ಇದನ್ನು ವಿವರಿಸಿದ್ದರು. ಅವರು ವೈದ್ಯರೂ ಹೌದು, ಆ ನಾಡಿನ ಹೆಸರಾಂತ ಕಥೆಗಾರರೂ ಹೌದು. ರೋಗಿಯ ಕಥೆ ಕೇಳುವ ಅಭ್ಯಾಸ ಅಲ್ಲಿಂದ ಬಂತೋ ಏನೋ! ಚಿಕ್ಕಪ್ಪನ ಕಾಲು ತಕರಾರಿಲ್ಲದೆ ಮೇಲೇರಿತು.

ಆಮೇಲೆ ಎಡಮಗ್ಗುಲಿಗೆ ಹೊರಳಿಸಿ, ಮೇಲಿದ್ದ ಬಲಗಾಲನ್ನು ಸೊಂಟದಲ್ಲೂ ಮಂಡಿಯಲ್ಲೂ ಮಡಚಿ, ಮಂಡಿಯನ್ನು ಮಂಚದ ಕಡೆಗೆ ಒತ್ತುತ್ತ ಪಾದವನ್ನು ಮೇಲಕ್ಕೆತ್ತಿದಳು. ಚಿಕ್ಕಪ್ಪ “ಅಯ್ಯಪ್ಪಾ” ಎಂದರು. ಕೂರಿಸಿ, ಎರಡೂ ಮಂಡಿಗಳ ಹೊರಗೆ ಕೈಯಿಟ್ಟು “ಅಗಲಿಸಿ ನೋಡೋಣ” ಎಂದಳು. ಬಲ ಮಂಡಿ ನೋವಿಗೆ ಸೋತಿತು.

ಅಷ್ಟಕ್ಕೇ ತೀರ್ಪು ಕೊಡಲಿಲ್ಲ, ನನಗೆ ಆಕೆಯ ಮೇಲೆ ಗೌರವ ಬಂದದ್ದು ಅದಕ್ಕೆ. ಪಿರ್ರೆಯಲ್ಲಿ ನೋವು ತರುವವರ ಗುಂಪು ದೊಡ್ಡದು. ಟೈಲರ್ ಎಂದ ಕೂಡಲೇ ನೋಡಬೇಕಾದದ್ದು ಕೂರುವ ಮೂಳೆ. ಗಟ್ಟಿ ಆಸನದ ಮೇಲೆ ಕೂತು ಕೂತು ಆ ಮೂಳೆಯ ಮೇಲಿನ ಮೆತ್ತೆಚೀಲ ಉರಿಯೇಳುತ್ತದೆ. ಇಂಗ್ಲಿಷರು ಇದಕ್ಕೆ ನೇಕಾರರ ಹೆಸರನ್ನೇ ಇಟ್ಟಿದ್ದಾರೆ. ಇಳಕಲ್ಲಿನಲ್ಲಿ ಗುಂಡಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ಸೀರೆ ನೇಯುವವರನ್ನು ಕಂಡವರಿಗೆ ಆ ಹೆಸರು ವಿಚಿತ್ರ ಅನ್ನಿಸದು. ಅಲ್ಲಿ ನೋವು ಕೆಳಗೆ, ನೇರ ಮೂಳೆಯ ಮೇಲೆ. ಓಟಗಾರರಲ್ಲಿ ಅದೇ ಮೂಳೆಗೆ ಅಂಟಿದ ತೊಡೆಯ ಹಿಂಬದಿಯ ಸ್ನಾಯುರಜ್ಜು ಸವೆಯುತ್ತದೆ. ಬೆರಳು ಸೊಂಟದ ಕೆಳಗಿನ ಗುಳಿಯ ಪಕ್ಕಕ್ಕೆ ಹೋದರೆ ತ್ರಿಕಾಸ್ಥಿಯ ಕೀಲಿನ ಮೇಲೆ ಗುಮಾನಿ. ಬಸುರಿಯರಲ್ಲಿ ಇದು ಸಾಮಾನ್ಯ. ನರವನ್ನು ಒತ್ತಬಲ್ಲ ಬೇರೆ ಸ್ನಾಯು, ನಾರುಪಟ್ಟಿಗಳೂ ಪಿರ್ರೆಯ ಆಳದಲ್ಲಿವೆ. ಎಲ್ಲಕ್ಕೂ ಪಿರಿಫಾರ್ಮಿಸ್ ಅನ್ನೇ ದೂರುವುದು ಬೇಡವೆಂದು ಈಗ ಹಲವರು ‘ಡೀಪ್ ಗ್ಲೂಟಿಯಲ್ ಸಿಂಡ್ರೋಮ್’ ಎಂಬ ವಿಶಾಲ ಹೆಸರನ್ನು ಬಳಸುತ್ತಾರೆ.

ತಪ್ಪಿಸಿಕೊಳ್ಳಬಾರದ ಒಬ್ಬ ರೋಗಿ ಇದ್ದಾನೆ. ವಯಸ್ಸು ಇಪ್ಪತ್ತೈದೋ ಮೂವತ್ತೋ. ನೋವು ಒಮ್ಮೆ ಎಡ ಪಿರ್ರೆ, ಒಮ್ಮೆ ಬಲ. ನಡುರಾತ್ರಿ ಕಳೆದ ಮೇಲೆ ಎಚ್ಚರ, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಮೈ ಬಿಗಿತ, ಓಡಾಡಿದರೆ ಹಗುರ, ಸುಮ್ಮನಿದ್ದರೆ ಜಾಸ್ತಿ. ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಗುಂಪಿನ ಸಂಧಿವಾತವಿರಬಹುದು. ಇಂಥವನು ವರ್ಷಗಟ್ಟಲೆ ಮಾಲೀಷು ಮಾಡಿಸುತ್ತ ಕೂತರೆ ಬೆನ್ನು ಬೆಸೆದುಕೊಂಡೀತು. ಸಂಧಿವಾತದ ತಜ್ಞರ ಬಳಿ ಹೋಗಬೇಕು. ಕೂರುವ ಜಾಗ, ಜನನಾಂಗದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಪಾದ ಜೋತುಬಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಆಸ್ಪತ್ರೆಗೆ. ಜ್ವರ, ತೂಕ ಇಳಿಕೆ, ಹಿಂದೆ ಕ್ಯಾನ್ಸರ್ ಆದ ಇತಿಹಾಸ ಇದ್ದರೂ ವ್ಯಾಯಾಮಕ್ಕೆ ಮುಂಚೆ ಡಾಕ್ಟರು.

ಇನ್ನು ಚಿಕಿತ್ಸೆ. ಹೆಚ್ಚಿನವರಿಗೆ ಕತ್ತರಿ, ಸೂಜಿ ಯಾವುದೂ ಬೇಕಾಗುವುದಿಲ್ಲ. ನರವನ್ನು ಕೆರಳಿಸುವುದನ್ನು ನಿಲ್ಲಿಸುವುದೇ ಮೊದಲ ಮದ್ದು. 1978ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲುಟ್ಜ್ ಎಂಬ ವೈದ್ಯರು ಕ್ರೆಡಿಟ್ ಕಾರ್ಡ್ ತುಂಬಿದ ಪರ್ಸಿನಿಂದ ಬರುವ ಸಯಾಟಿಕಾ ಬಗ್ಗೆ ಬರೆದರು. ಹಿಂದಿನ ಜೇಬಿನ ದಪ್ಪ ಪರ್ಸಿನ ಮೇಲೆ ಗಂಟೆಗಟ್ಟಲೆ ಕೂತರೆ ಕೆಳಗಿನ ನರ ಸುಮ್ಮನಿರುತ್ತದೆಯೇ? ಪರ್ಸ್ ತೆಗೆದದ್ದೇ ಚಿಕಿತ್ಸೆ. ಚಿಕ್ಕಪ್ಪನ ಬಲ ಜೇಬಿನಲ್ಲೂ ಪರ್ಸಿತ್ತು. ಹಣಕ್ಕಿಂತ ಗಿರಾಕಿಗಳ ಅಳತೆಚೀಟಿಗಳೇ ಅದರಲ್ಲಿ ಹೆಚ್ಚು.

ಪರ್ಸ್ ಎದೆಜೇಬಿಗೆ ಬಂತು, ಸ್ಟೂಲಿಗೆ ಮೆತ್ತೆ ಬಂತು. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಬೇಕೆಂಬ ಕಟ್ಟಳೆಯೂ ಬಂತು. ವ್ಯಾಯಾಮದಲ್ಲಿ ಮೊದಲನೆಯದು ಅಂಗಾತ ಮಲಗಿ ಬಲಗಾಲಿನ ಗಿಣ್ಣನ್ನು ಎಡ ಮಂಡಿಯ ಮೇಲಿಟ್ಟು, ಎಡ ತೊಡೆಯನ್ನು ಎದೆಯ ಕಡೆ ಎಳೆದುಕೊಳ್ಳುವುದು. ಯೋಗ ಬಲ್ಲವರಿಗೆ ಅರ್ಧ ಮತ್ಸ್ಯೇಂದ್ರಾಸನವೂ ಇದೇ ಸ್ನಾಯುವನ್ನು ಎಳೆಯುತ್ತದೆ ಎಂದು ಗೊತ್ತಿರುತ್ತದೆ. ಎಳೆತ ಹಿತವಾಗಿರಬೇಕು; ಕಾಲಿಗೆ ಜೋಮು ಹರಿದರೆ ಅಲ್ಲಿಗೇ ನಿಲ್ಲಿಸಬೇಕು. ಬರೀ ಎಳೆದರೆ ಸಾಲದು, ಪಕ್ಕಕ್ಕೆ ಮಲಗಿ ಕಾಲೆತ್ತುವಂಥ ವ್ಯಾಯಾಮಗಳಿಂದ ಪಿರ್ರೆಯ ದೊಡ್ಡ ಸ್ನಾಯುಗಳಿಗೂ ಬಲ ಬರಬೇಕು. ಅವು ಸೋಮಾರಿಗಳಾದರೆ ಹೊರೆ ಈ ಸಣ್ಣದರ ಮೇಲೆ ಬೀಳುತ್ತದೆ.

ರೋಗ ಯಾವುದೆಂದು ಗೊತ್ತಾಗದೆ ವಿಡಿಯೊ ನೋಡಿ ಎಳೆಯಲು ಶುರುಮಾಡುವವರಿಗೆ ಒಂದು ಮಾತು. ಓಟಗಾರನ ಆ ಸವೆದ ಸ್ನಾಯುರಜ್ಜುವನ್ನು ಎಳೆದಷ್ಟೂ ಅದು ಕೂರುವ ಮೂಳೆಗೆ ಒತ್ತಿ ಇನ್ನಷ್ಟು ಕೆರಳುತ್ತದೆ. ಅದಕ್ಕೆ ಬೇಕಾದದ್ದು ನಿಧಾನವಾಗಿ ಏರಿಸುವ ಭಾರ. ಒಂದು ಗೇಣು ಜಾಗದೊಳಗೆ ಒಬ್ಬರ ಮದ್ದು ಇನ್ನೊಬ್ಬರ ವಿಷ.

ವಾರಗಟ್ಟಲೆ ಮಾಡಿಯೂ ಗುಣ ಕಾಣದಿದ್ದರೆ ಸೂಜಿ. ಮರಗಟ್ಟಿಸುವ ಮದ್ದನ್ನು, ಜೊತೆಗೆ ಕೆಲವೊಮ್ಮೆ ಸ್ಟಿರಾಯ್ಡನ್ನು, ಸ್ನಾಯುವಿಗೇ ಕೊಡುತ್ತಾರೆ. ನೋವು ತಕ್ಷಣ ಇಳಿದರೆ ಅಪರಾಧಿ ಅದೇ ಎಂಬ ಸಾಕ್ಷಿಯೂ ಸಿಕ್ಕಂತೆ. ಆದರೆ ಸೂಜಿ ಸರಿಯಾದ ಜಾಗ ಮುಟ್ಟಬೇಕಲ್ಲ? 2008ರಲ್ಲಿ ಶವಗಳ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಅಲ್ಟ್ರಾಸೌಂಡ್ ನೋಡುತ್ತ ಚುಚ್ಚಿದ 20ರಲ್ಲಿ 19 ಗುರಿ ಮುಟ್ಟಿದವು; ಎಕ್ಸ್‌ರೇ ಪರದೆ ನೋಡುತ್ತ ಚುಚ್ಚಿದ 20ರಲ್ಲಿ ಬರೀ 6. ಗುರಿ ತಪ್ಪಿದವುಗಳಲ್ಲಿ ಹೆಚ್ಚಿನವು ಮೇಲಿನ ದೊಡ್ಡ ಸ್ನಾಯುವಿನಲ್ಲೇ ಉಳಿದಿದ್ದವು. ಹಾಗಾಗಿ ಇಂಜೆಕ್ಷನ್ ಎಂದರೆ ಏನನ್ನು ನೋಡಿಕೊಂಡು ಕೊಡುತ್ತೀರಿ ಎಂದು ಕೇಳಲು ಸಂಕೋಚ ಬೇಡ. ಸುಕ್ಕು ಹೋಗಲಾಡಿಸುವ ಬೊಟಾಕ್ಸ್ ಅನ್ನೂ ಇಲ್ಲಿ ಬಳಸುವುದುಂಟು, ಅದು ಸ್ನಾಯುವನ್ನು ಕೆಲವು ತಿಂಗಳು ಸಡಿಲಗೊಳಿಸುತ್ತದೆ. ಸ್ನಾಯುವನ್ನು ಕತ್ತರಿಸಿ ನರ ಬಿಡಿಸುವ ಶಸ್ತ್ರಚಿಕಿತ್ಸೆ ಎಲ್ಲ ದಾರಿ ಮುಚ್ಚಿದ ಮೇಲಿನದು.

ಚಿಕ್ಕಪ್ಪನಿಗೆ ಅದ್ಯಾವುದೂ ಬೇಕಾಗಲಿಲ್ಲ. ಎರಡೂವರೆ ತಿಂಗಳಿಗೆ ಮತ್ತೆ ಮಷಿನ್ ತುಳಿದರು. ಮೊನ್ನೆ ಅಂಗಡಿಗೆ ಹೋದಾಗ ಗಿರಾಕಿಯೊಬ್ಬರು ವಿಚಾರಿಸುತ್ತಿದ್ದರು. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ ಚಿಕ್ಕಪ್ಪ, “ಸೊಂಟ ಪೂರ್ತಿ ಸರಿಹೋಯ್ತು ಸಾರ್” ಎಂದರು.