ಚಾಮುಂಡಿ ಕಲ್ಲು, ಕೆಂಪು ಫಿಲ್ಮು

ಮೈಸೂರಿನ ಮನೆಗಳಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲ ಎಷ್ಟಿದೆ ಎಂದು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದ ಭೌತಶಾಸ್ತ್ರ ವಿಭಾಗದವರು ಅಳೆದಿದ್ದಾರೆ. ಇಂಥ ಅಳತೆಗೆ ಬಳಸುವ ಸಾಧನದಲ್ಲಿ ಕರೆಂಟಿಲ್ಲ, ಮೀಟರಿಲ್ಲ. ಪುಟ್ಟ ಡಬ್ಬಿಯೊಳಗೆ ಎಲ್‌ಆರ್-115 ಎಂಬ ಕೆಂಪು ಫಿಲ್ಮಿನ ತುಂಡು, ಅಷ್ಟೆ. ಸಾಮಾನ್ಯವಾಗಿ ಮೂರು ತಿಂಗಳು ಕೋಣೆಯಲ್ಲಿ ತೂಗುಹಾಕಿ, ಆಮೇಲೆ 60 ಡಿಗ್ರಿ ಬಿಸಿಯ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿಡುತ್ತಾರೆ. ಸೂಕ್ಷ್ಮದರ್ಶಕದಡಿ ಇಟ್ಟರೆ ಕೆಂಪಿನ ನಡುವೆ ಬಿಳಿ ಚುಕ್ಕೆಗಳು. ಒಂದೊಂದೂ ಒಂದು ಆಲ್ಫಾ ಕಣ ಕೊರೆದ ತೂತು.

ಅದೇ ಕೋಣೆಯಲ್ಲಿ ವಿಕಿರಣದ ಇನ್ನೆರಡು ಬಗೆಗಳಾದ ಬೀಟಾ, ಗಾಮಾ ಕೂಡ ಹಗಲಿರುಳು ಓಡಾಡಿರುತ್ತವೆ. ಅವುಗಳ ಗುರುತೇ ಫಿಲ್ಮಿನಲ್ಲಿಲ್ಲ! ಏಕೆ?

ವಿಕಿರಣ ತಾನು ಹಾಯುವ ದಾರಿಯ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುವುದೇ ಅಯಾನೀಕರಣ. ಗಾಳಿಯಲ್ಲಿ ಇಂಥ ಒಂದು ಅಯಾನು ಜೋಡಿಗೆ (ಕಿತ್ತ ಎಲೆಕ್ಟ್ರಾನು, ಉಳಿದ ಪರಮಾಣು) ಸರಾಸರಿ 35 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಖರ್ಚು. ರೇಡಾನ್ ಹೊಮ್ಮಿಸುವ ಆಲ್ಫಾ ಕಣದ ಕೈಯಲ್ಲಿ ಸುಮಾರು 55 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಭಾರಿ ಮೈ, ದುಪ್ಪಟ್ಟು ವಿದ್ಯುದಂಶ, ಮಂದ ನಡಿಗೆ. ನಾಲ್ಕು ಸೆಂಟಿಮೀಟರ್ ದಾಟುವುದರೊಳಗೆ ಒಂದೂವರೆ ಲಕ್ಷ ಜೋಡಿ ಎಬ್ಬಿಸಿ ಬರಿಗೈಯಾಗುತ್ತದೆ. ಬೀಟಾ ಹಗುರ ಎಲೆಕ್ಟ್ರಾನ್. ಸೆಂಟಿಮೀಟರಿಗೆ ನೂರರ ಆಸುಪಾಸು ಜೋಡಿ ಮಾಡುತ್ತ ಬಹುದೂರ ಓಡುತ್ತದೆ. ಗಾಮಾಗೆ ವಿದ್ಯುದಂಶವೇ ಇಲ್ಲ. ಅಪರೂಪಕ್ಕೆ ಯಾವುದಾದರೂ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆಯುತ್ತದೆ, ಮುಂದಿನ ರಗಳೆಯೆಲ್ಲ ಆ ಎಲೆಕ್ಟ್ರಾನಿನದು. ಆಲ್ಫಾದಷ್ಟು ಒತ್ತೊತ್ತಾಗಿ ಜೋಡಿ ಎಬ್ಬಿಸಿದರೆ ಮಾತ್ರ ಫಿಲ್ಮಿನಲ್ಲಿ ಗುರುತು ಬೀಳುತ್ತದೆ.

ಈ ವಿಕಿರಣ ಬರುವುದೆಲ್ಲಿಂದ? ಚಾಮುಂಡಿ ಬೆಟ್ಟದ್ದು ಗ್ರಾನೈಟ್. ಅದರಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಸಣ್ಣ ಪ್ರಮಾಣದಲ್ಲಿವೆ. ಕಲ್ಲಿನಿಂದ ಹೊರಟ ಗಾಮಾ ನಮ್ಮ ಮೈಯನ್ನು ಹಾಯ್ದೇ ಹೋಗುತ್ತದೆ. ಕಲ್ಲೊಳಗಿನ ಆಲ್ಫಾ ಅಲ್ಲೇ ಸಾಯುತ್ತದೆ. ಹೊರಬಂದರೂ ಚರ್ಮದ ಸತ್ತ ಪದರವೇ ತಡೆಯುತ್ತದೆ. ಆದರೆ ಯುರೇನಿಯಂ ಸಂತತಿಯ ರೇಡಾನ್ ಅನಿಲವಾದ್ದರಿಂದ ಮಣ್ಣಿನಿಂದ, ನೆಲದ ಬಿರುಕಿನಿಂದ ಮನೆಯೊಳಕ್ಕೆ ನುಸುಳುತ್ತದೆ. ಅದರ ಅರ್ಧಾಯುಷ್ಯ 3.8 ದಿನ. ಅದರಿಂದ ಹುಟ್ಟುವ ಪೊಲೋನಿಯಂ ದೂಳಿಗಂಟಿ ಶ್ವಾಸಕೋಶ ಸೇರುತ್ತದೆ. ಅಲ್ಲಿ ಕಾಯುವ ಸತ್ತ ಚರ್ಮವಿಲ್ಲ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ ದೂರದಲ್ಲಿ ಆಲ್ಫಾದ ಅಷ್ಟೂ ಶಕ್ತಿ ಜೀವಕೋಶಗಳ ಮೇಲೆ ಬೀಳುತ್ತದೆ. ಅದಕ್ಕೇ ವಿಕಿರಣ ಸುರಕ್ಷತೆಯ ಲೆಕ್ಕದಲ್ಲಿ ಬೀಟಾ, ಗಾಮಾಗೆ 1 ಅಂಕವಾದರೆ ಆಲ್ಫಾಗೆ 20.

ಬಾಳೆಹಣ್ಣಿನಲ್ಲಿ ವಿಕಿರಣವಿದೆ ಎಂಬ ಸಂದೇಶ ಆಗಾಗ ಮೊಬೈಲಿಗೆ ಬರುತ್ತದೆ. ನಿಜವೇ, ಅದರಲ್ಲಿರುವ ಪೊಟ್ಯಾಸಿಯಂ-40ರದ್ದು ಬಹುಪಾಲು ಬೀಟಾ. ಮೈ ತನಗೆ ಬೇಕಾದಷ್ಟೇ ಪೊಟ್ಯಾಸಿಯಂ ಇಟ್ಟುಕೊಂಡು ಉಳಿದದ್ದನ್ನು ಹೊರಹಾಕುವುದರಿಂದ ನಂಜನಗೂಡು ರಸಬಾಳೆ ಧಾರಾಳವಾಗಿ ತಿನ್ನಿ. ಚಿಂತಿಸಬೇಕಾದದ್ದು ಗಾಳಿಯಾಡದ ಕೋಣೆಯ ಬಗ್ಗೆ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಮುಖ್ಯ ಕಾರಣಗಳಲ್ಲಿ ರೇಡಾನನ್ನು ವಿಶ್ವ ಆರೋಗ್ಯ ಸಂಸ್ಥೆ ಹೆಸರಿಸಿದೆ. ಎ.ಸಿ. ಹಾಕಿಸಿದ್ದೇವೆಂದು ಕಿಟಕಿಗಳನ್ನು ಸದಾ ಮುಚ್ಚಿಡಬೇಡಿ, ಅದರಲ್ಲೂ ನೆಲಮಹಡಿಯಲ್ಲಿ ಮಲಗುವವರು.