ಕಾರ್ಖಾನೆ ನಿರ್ಮಿತ ಘಟಕಗಳ ವಸತಿ ಸಮುಚ್ಚಯಗಳು: ಸಾರ್ವಜನಿಕರಿಗೆ ಮಾಹಿತಿ

ಗೋಡೆ, ಛಾವಣಿ, ಮೆಟ್ಟಿಲು ಮುಂತಾದ ಭಾಗಗಳನ್ನು ಕಾಂಕ್ರೀಟಿನಿಂದ ಕಾರ್ಖಾನೆಯಲ್ಲಿ ಎರಕಹೊಯ್ದು, ನಿವೇಶನಕ್ಕೆ ಸಾಗಿಸಿ, ಕ್ರೇನ್ ಸಹಾಯದಿಂದ ಜೋಡಿಸುವ ವಿಧಾನಕ್ಕೆ ಪ್ರೀಕಾಸ್ಟ್ ನಿರ್ಮಾಣವೆಂದು ಹೆಸರು. ಇಡೀ ಕೊಠಡಿಯನ್ನೇ ಒಂದು ಘಟಕವಾಗಿ ಸಿದ್ಧಪಡಿಸಿ ಒಂದರ ಮೇಲೊಂದರಂತೆ ಇರಿಸುವುದು ಮಾಡ್ಯುಲರ್ ನಿರ್ಮಾಣವೆನಿಸುತ್ತದೆ.

ಬಳಕೆ ಮತ್ತು ಅನುಕೂಲ

1968ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊ ನಗರದ ಹಿಲ್ಟನ್ ಪಲಾಸಿಯೊ ಡೆಲ್ ರಿಯೊ ಹೋಟೆಲನ್ನು, ಪೀಠೋಪಕರಣ ಸಹಿತ ಬೇರೆಡೆ ಸಿದ್ಧಪಡಿಸಿದ ಕೊಠಡಿಗಳನ್ನು ಜೋಡಿಸಿ ನಿರ್ಮಿಸಲಾಯಿತು. ಭಾರತದಲ್ಲಿ ಕೇಂದ್ರ ಸರ್ಕಾರದ ಲೈಟ್ ಹೌಸ್ ಯೋಜನೆಯಡಿ ರಾಂಚಿಯ 1,008 ಮನೆಗಳಿಗೆ ಇದೇ ಬಗೆಯ ಕೊಠಡಿ ಘಟಕಗಳ ವಿಧಾನವನ್ನು ಆಯ್ದುಕೊಂಡು, 2021ರ ಜನವರಿ 1ರಂದು ಶಂಕುಸ್ಥಾಪನೆ ನೆರವೇರಿಸಲಾಯಿತು. ನಿವೇಶನದಲ್ಲಿ ತಳಪಾಯದ ಕೆಲಸ ನಡೆಯುತ್ತಿರುವಾಗಲೇ ಕಾರ್ಖಾನೆಯಲ್ಲಿ ಘಟಕಗಳು ತಯಾರಾಗುವುದರಿಂದ ಕಾಲ ಉಳಿತಾಯವಾಗುತ್ತದೆ.

ಸಂದುಗಳ ಮಹತ್ವ

ಇಂತಹ ಕಟ್ಟಡದ ಭದ್ರತೆಯು ಘಟಕಗಳ ಗುಣಮಟ್ಟದಷ್ಟೇ ಅವು ಸೇರುವ ಸಂದುಗಳನ್ನೂ ಅವಲಂಬಿಸಿರುತ್ತದೆ. 1968ರ ಮೇ 16ರಂದು ಲಂಡನ್ನಿನ 22 ಅಂತಸ್ತಿನ ರೋನನ್ ಪಾಯಿಂಟ್ ಕಟ್ಟಡದ 18ನೆಯ ಅಂತಸ್ತಿನಲ್ಲಿ ಅನಿಲ ಸ್ಫೋಟಿಸಿ, ಭಾರ ಹೊರುವ ಗೋಡೆಯೊಂದು ಕಳಚಿ, ಒಂದು ಮೂಲೆಯ ಮನೆಗಳೆಲ್ಲ ಒಂದರ ಮೇಲೊಂದು ಕುಸಿದು ನಾಲ್ವರು ಮೃತಪಟ್ಟರು. ಭಾರತದಲ್ಲಿ ಐಎಸ್ 15916 ಮಾನಕ ಸಂಹಿತೆಯು ಪ್ರೀಕಾಸ್ಟ್ ಕಟ್ಟಡಗಳ ವಿನ್ಯಾಸ ಮತ್ತು ಜೋಡಣೆಗೆ ಸಂಬಂಧಿಸಿದ್ದಾಗಿದೆ.

ಖರೀದಿದಾರರು ಗಮನಿಸಬೇಕಾದ ಅಂಶಗಳು

1. ಭಾರ ಹೊರುವ ಗೋಡೆಗಳು ಯಾವುವು ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ ಕೊಡುವಂತೆ ಪ್ರವರ್ತಕರನ್ನು ಕೋರುವುದು. ಮಂಜೂರಾದ ನಕ್ಷೆ ಹಾಗೂ ನಿರ್ಮಾಣ ವಿವರಗಳನ್ನು ಪಡೆಯುವುದು ರೇರಾ ಕಾಯ್ದೆ, 2016ರ ಕಲಂ 19ರ ಪ್ರಕಾರ ಹಂಚಿಕೆದಾರರ ಹಕ್ಕಾಗಿರುತ್ತದೆ.
2. ಬಾಗಿಲು, ಕಿಟಕಿ ಅಥವಾ ಹವಾನಿಯಂತ್ರಕದ ಸಲುವಾಗಿ ಇಂತಹ ಗೋಡೆಗಳನ್ನು ಒಡೆಯತಕ್ಕದ್ದಲ್ಲ. ಒಂದು ಮನೆಯ ಗೋಡೆಯು ಮೇಲಿನ ಎಲ್ಲ ಮನೆಗಳ ಭಾರವನ್ನು ಹೊತ್ತಿರುತ್ತದೆ.
3. ಸ್ವಾಧೀನ ಪಡೆಯುವ ಮುನ್ನ ಹೊರಗೋಡೆ ಹಾಗೂ ಸ್ನಾನಗೃಹದ ಸಂದುಗಳಲ್ಲಿ ನೀರು ಜಿನುಗುತ್ತಿದೆಯೇ ಎಂದು ಪರಿಶೀಲಿಸುವುದು. ಸಾಧ್ಯವಿದ್ದಲ್ಲಿ ಮಳೆಯ ನಂತರ ಒಮ್ಮೆ ನೋಡುವುದು ಸೂಕ್ತ.
4. ಸ್ವಾಧೀನ ನೀಡಿದ ದಿನಾಂಕದಿಂದ ಐದು ವರ್ಷಗಳೊಳಗೆ ರಚನಾತ್ಮಕ ಅಥವಾ ಕಾಮಗಾರಿಯ ದೋಷವನ್ನು ಪ್ರವರ್ತಕರ ಗಮನಕ್ಕೆ ತಂದಲ್ಲಿ, ಕಲಂ 14(3)ರನ್ವಯ ಅವರು 30 ದಿನಗಳೊಳಗೆ ಉಚಿತವಾಗಿ ಸರಿಪಡಿಸತಕ್ಕದ್ದು. ದೂರನ್ನು ಲಿಖಿತವಾಗಿ ನೀಡಿ, ಸ್ವೀಕೃತಿ ಪಡೆದಿಟ್ಟುಕೊಳ್ಳುವುದು.

ದೋಷವನ್ನು ಸರಿಪಡಿಸದಿದ್ದಲ್ಲಿ, ಬಾಧಿತ ಹಂಚಿಕೆದಾರರು ಕಲಂ 31ರಡಿ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದಾಗಿದೆ.